ಮೇಷ್ಟ್ರನ್ನೂ ಕೇಳೋಣ, ಮೇಷ್ಟ್ರಿಗಾಗಿಯೂ ಕೇಳೋಣ

ಸರ್ಕಾರಿ ಶಾಲೆಗೆ ಮಕ್ಕಳನ್ನು ಕಳಿಸುತ್ತಿರುವ ತಂದೆ ತಾಯಂದಿರೇ,

ಈ ಮಾತು ಮುಖ್ಯವಾಗಿ ನಿಮಗೆ. ಕಾನ್ವೆಂಟಿಗೆ ಫೀಸು ಕಟ್ಟುವವರು ಓದಿದರೂ ಬೇಸರವಿಲ್ಲ. ಆದರೆ ಕಾನೂನು ಅವರಿಗೆ ಕೊಡದ ಒಂದು ಅಧಿಕಾರವನ್ನು ನಮಗೆ ಕೊಟ್ಟಿದೆ. ಅದನ್ನು ಶಾಲೆಯೊಳಗೆ ಚಲಾಯಿಸುವ ಬದಲು ನಾವು ಟೀ ಅಂಗಡಿಯಲ್ಲಿ ಮಾತಾಡಿ ಮುಗಿಸುತ್ತಿದ್ದೇವೆ, ಅದೇ ನನ್ನ ತಕರಾರು.

ಟೀ ಅಂಗಡಿಯಲ್ಲಿ ಎರಡು ಪಕ್ಷ. "ಕೈತುಂಬ ಸಂಬಳ ತಗೋತಾರೆ, ಪಾಠ ಮಾತ್ರ ಸೊನ್ನೆ" ಎನ್ನುವವರು ಒಂದು ಕಡೆ. "ಪಾಪ, ಅವರನ್ನು ಪಾಠ ಮಾಡೋಕೆ ಬಿಡೋರು ಯಾರು? ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ, ಓಟರ್ ಲಿಸ್ಟು" ಎನ್ನುವವರು ಇನ್ನೊಂದು ಕಡೆ. ಎರಡು ಪಕ್ಷದವರಲ್ಲೂ ನನಗೆ ಗೆಳೆಯರಿದ್ದಾರೆ, ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಸಮಿತಿಯ ಸಭೆಯಲ್ಲಿ ಮಾತ್ರ ಇಬ್ಬರೂ ಬಾಯಿ ಬಿಡುವುದಿಲ್ಲ.

ಸಮಿತಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಎಸ್‌ಡಿಎಂಸಿ. ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲೇ ನಮ್ಮ ರಾಜ್ಯದಲ್ಲಿ ಇದು ಬಂತು. ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ, ಅಂದರೆ ಅದಕ್ಕಿಂತ ಎಂಟು ವರ್ಷ ಮೊದಲೇ ನಾವು ಪೋಷಕರಿಗೆ ಶಾಲೆಯ ಬಾಗಿಲು ತೆರೆದವರು. ಆ ಕಾಯ್ದೆಯ 21ನೇ ಸೆಕ್ಷನ್ ಓದಿ ನೋಡಿ. ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಅನುದಾನವಿಲ್ಲದ ಖಾಸಗಿ ಶಾಲೆಗೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ದುಡ್ಡು ಕೊಡುವ ಅಪ್ಪನಿಗೆ ಗೇಟಿನಾಚೆಗೆ ಹೆಚ್ಚು ಮಾತಿಲ್ಲ, ಇಲ್ಲಿ ಕೂಲಿ ಮಾಡುವ ಅವ್ವ ಕಾನೂನಿನ ಪ್ರಕಾರ ಶಾಲೆಯ ಮೇಲ್ವಿಚಾರಕಿ.

ವಾಸ್ತವದಲ್ಲಿ ಆಗುತ್ತಿರುವುದು ಏನೆಂದು ನಿಮಗೂ ಗೊತ್ತು. ಎಸ್‌ಡಿಎಂಸಿ ಚುನಾವಣೆ ಬಂದಾಗ ಊರಿನ ಪಾರ್ಟಿಗಳೆಲ್ಲ ಎಚ್ಚರವಾಗುತ್ತವೆ. ಅಧ್ಯಕ್ಷಗಿರಿ ಯಾರ ಓಣಿಗೆ ಎಂಬ ಜಗಳ ಮುಗಿಯುವಷ್ಟರಲ್ಲಿ ಎಲ್ಲರ ಉತ್ಸಾಹವೂ ಮುಗಿದಿರುತ್ತದೆ. ಆಮೇಲೆ ನಡಾವಳಿ ಪುಸ್ತಕ ಮನೆ ಮನೆಗೆ ಬರುತ್ತದೆ, ಬೆರಳು ತೋರಿಸಿದ ಜಾಗದಲ್ಲಿ ಸಹಿ ಬೀಳುತ್ತದೆ. ಸಭೆ ಸೇರಿದರೂ ಚರ್ಚೆಯೆಲ್ಲ ಕಾಂಪೌಂಡು, ಬಣ್ಣ, ಶೌಚಾಲಯದ ಬಾಗಿಲು. ಅವೂ ಬೇಕು. ಆದರೆ ನಾಲ್ಕನೇ ತರಗತಿಯ ಎಷ್ಟು ಮಕ್ಕಳಿಗೆ ಎರಡನೇ ತರಗತಿಯ ಪಾಠ ತಡವರಿಸದೆ ಓದಲು ಬರುತ್ತದೆ ಎಂದು ಯಾರಾದರೂ ಕೇಳಿದ್ದು ನಿಮಗೆ ನೆನಪಿದೆಯೇ?

ಕೇಳಬಹುದಾದವರಲ್ಲಿ ಅನೇಕರು ಶಾಲೆಯನ್ನೇ ಬಿಟ್ಟರು, ಅದೂ ಒಂದು ಕಾರಣ. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಗಳ ಶೇ 25 ಸೀಟು ಸಿಕ್ಕಾಗ ಮೊದಲು ಎದ್ದು ಹೋದವರು ಅರ್ಜಿ ಬರೆಯಬಲ್ಲ, ಆಫೀಸು ಅಲೆಯಬಲ್ಲ ಪೋಷಕರು. ಅವರನ್ನು ದೂರುವುದಿಲ್ಲ, ಮಗುವಿನ ವಿಷಯದಲ್ಲಿ ಯಾರೂ ತ್ಯಾಗಮೂರ್ತಿಗಳಾಗಬೇಕಿಲ್ಲ. 2019ರಲ್ಲಿ ಸರ್ಕಾರ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಶಾಲೆಯಿದ್ದರೆ ಆ ಸೀಟಿಲ್ಲ ಎಂದಿತು. ಆದರೆ ಹೋದ ದನಿಗಳು ಹಿಂದಿರುಗಲಿಲ್ಲ.

ಈಗ ಲೆಕ್ಕ ಕೇಳುವ ವಿಷಯಕ್ಕೆ ಬರೋಣ. ಯಾವ ಲೆಕ್ಕ ಕೇಳಬೇಕು ಎಂಬಲ್ಲೇ ನಾವೂ ಇಲಾಖೆಯೂ ಎಡವುತ್ತಿದ್ದೇವೆ ಎಂದು ನನ್ನ ಅನಿಸಿಕೆ. ಇಲಾಖೆಗೆ ಗೊತ್ತಿರುವುದು ಒಂದೇ ಲೆಕ್ಕ, ಎಸ್ಸೆಸ್ಸೆಲ್ಸಿ ಶೇಕಡಾವಾರು. ಫಲಿತಾಂಶ ಕುಸಿದರೆ ಮುಖ್ಯ ಶಿಕ್ಷಕರಿಗೆ ನೋಟಿಸು. ಇದರಿಂದ ಏನಾಯಿತೆಂದು 2024 ತೋರಿಸಿಕೊಟ್ಟಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಶೇಕಡಾವಾರಿಗಾಗಿ ಬೆತ್ತ ಹಿಡಿದು ನಿಂತರೆ ಶೇಕಡಾವಾರು ಬಂದೇ ಬರುತ್ತದೆ, ಕಲಿಕೆ ಬರಬೇಕೆಂದೇನಿಲ್ಲ. ಹತ್ತರಲ್ಲಿ ಫೇಲಾದ ಹುಡುಗ ಹಿಂದೆ ಬಿದ್ದದ್ದು ಮೂರನೇ ತರಗತಿಯಲ್ಲೇ ಇರಬಹುದು. ಅಲ್ಲಿ ಆ ವರ್ಷ ಕಾಯಂ ಶಿಕ್ಷಕರ ಹುದ್ದೆ ಖಾಲಿಯಿದ್ದಿರಬಹುದು. ಶಾಲೆ ಶುರುವಾಗಿ ವಾರಗಳಾದ ಮೇಲೆ ಬಂದ ಅತಿಥಿ ಶಿಕ್ಷಕಿ, ತಿಂಗಳುಗಟ್ಟಲೆ ಗೌರವಧನ ಕಾಣದೆ, ವರ್ಷದ ಕೊನೆಗೆ ಮನೆಗೆ ಹೋಗಿರಬಹುದು. ನೋಟಿಸು ಮಾತ್ರ ಏಳು ವರ್ಷ ತಡವಾಗಿ, ಬೇರೊಂದು ಶಾಲೆಯ ಗಣಿತದ ಮೇಷ್ಟ್ರ ಮೇಜಿಗೆ ಬರುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ ಇದಕ್ಕಿಂತ ಜಾಣತನದಿಂದ ಯೋಚಿಸಿದೆ. 24ನೇ ಸೆಕ್ಷನ್ ಅಂಕಗಳ ಮಾತನ್ನೇ ಎತ್ತುವುದಿಲ್ಲ. ಶಿಕ್ಷಕರು ಹೊತ್ತಿಗೆ ಸರಿಯಾಗಿ ಬರಬೇಕು, ಪಠ್ಯ ಪೂರ್ತಿ ಮಾಡಬೇಕು, ಪ್ರತಿ ಮಗುವಿನ ಕಲಿಕೆಯ ಮಟ್ಟ ಅಳೆದು ಹಿಂದುಳಿದವರಿಗೆ ಹೆಚ್ಚುವರಿ ಪಾಠ ಹೇಳಬೇಕು, ಪೋಷಕರನ್ನು ನಿಯಮಿತವಾಗಿ ಕರೆದು ಮಗುವಿನ ಹಾಜರಿ, ಪ್ರಗತಿ ತಿಳಿಸಬೇಕು ಎನ್ನುತ್ತದೆ. ಇವೆಲ್ಲ ಶಿಕ್ಷಕರ ಕೈಯಲ್ಲಿರುವ ಕೆಲಸಗಳು, ಹಾಗಾಗಿ ಕೇಳುವುದು ನ್ಯಾಯ. ಒಬ್ಬ ಶಿಕ್ಷಕಿ "ನಿಮ್ಮ ಮಗನಿಗೆ ಒತ್ತಕ್ಷರ ಬರುತ್ತಿಲ್ಲ, ಕಳೆಯುವ ಲೆಕ್ಕದಲ್ಲಿ ದಶಕ ತೆಗೆಯಲು ತೊಡಕು, ನಾನು ಹೀಗೆ ಹೀಗೆ ಮಾಡುತ್ತಿದ್ದೇನೆ" ಎಂದು ಹೇಳಬಲ್ಲರೆಂದರೆ, ಅವರು ತಮ್ಮ ಕೆಲಸ ಮಾಡಿದ್ದಾರೆ. ಆ ಮಗು ವರ್ಷದ ಕೊನೆಗೆ ತರಗತಿಯಲ್ಲಿ ಹಿಂದೆಯೇ ಇದ್ದರೂ ನಾನು ಅವರ ಪರ. ಮಗುವಿನ ಹೆಸರು ಹೇಳಿದರೆ "ಹುಷಾರಿದ್ದಾನೆ, ಸ್ವಲ್ಪ ತುಂಟ" ಎಂಬ ಉತ್ತರವೇ ಪ್ರತಿ ಸಲ ಬಂದರೆ ಮುಂದಿನ ಪ್ರಶ್ನೆ ಕೇಳಲೇಬೇಕು.

ನಾನು ಓದಿದವಳಲ್ಲ, ನನಗೇನು ಗೊತ್ತಾಗುತ್ತದೆ ಎಂದು ಎಷ್ಟೋ ತಾಯಂದಿರು ಹಿಂಜರಿಯುತ್ತಾರೆ. ನಮ್ಮ ಓಣಿಯ ಒಬ್ಬ ತಾಯಿ ಹೆಬ್ಬೆಟ್ಟು ಒತ್ತುವವರು. ಅವರು ಮಗಳಿಂದ ಮನೆಗೆ ಬಂದ ಕರೆಂಟ್ ಬಿಲ್ಲು, ರೇಷನ್ ಅಂಗಡಿಯ ಬೋರ್ಡು, ಮದುವೆ ಕಾಗದ ಎಲ್ಲವನ್ನೂ ಗಟ್ಟಿಯಾಗಿ ಓದಿಸುತ್ತಾರೆ. ಎಲ್ಲಿ ನಿಲ್ಲುತ್ತಾಳೆ, ಎಲ್ಲಿ ಊಹಿಸಿ ಹಾರಿಸುತ್ತಾಳೆ ಎಂಬುದು ಅಕ್ಷರ ಬಾರದ ಕಿವಿಗೂ ತಿಳಿಯುತ್ತದೆ. ಪೋಷಕರ ಸಭೆಯಲ್ಲಿ ಅವರಷ್ಟು ನಿಖರವಾಗಿ ಪ್ರಶ್ನೆ ಕೇಳಿದ ಪದವೀಧರರನ್ನು ನಾನು ಕಂಡಿಲ್ಲ.

ಇನ್ನು ನಿಜವಾಗಿಯೂ ಕೆಲಸ ಮಾಡದ ಶಿಕ್ಷಕರು. ಇಲ್ಲ ಎನ್ನುವುದು ಆತ್ಮವಂಚನೆ. ಚೀಟಿ ವ್ಯವಹಾರ, ಸೈಟು ಮಾರಾಟದ ನಡುವೆ ಬಿಡುವಾದಾಗ ಶಾಲೆಗೆ ಬರುವವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಅವರ ಹೆಸರು ಇಡೀ ಊರಿಗೆ ಗೊತ್ತು. ಆದರೂ ಯಾರೂ ಬರೆದು ಕೊಡುವುದಿಲ್ಲ, ಏಕೆಂದರೆ ನನ್ನ ಮಗುವಿನ ಮೇಲೆ ಸೇಡು ತೀರಿಸಿಕೊಂಡಾರು ಎಂಬ ಭಯ. ಈ ಭಯ ಒಬ್ಬರೇ ಬರೆದಾಗ ಮಾತ್ರ. ಸಮಿತಿಯಲ್ಲಿ ಠರಾವು ಮಾಡಿ, ದಿನಾಂಕ ಹಾಕಿ, ಎಲ್ಲರೂ ಸಹಿ ಮಾಡಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಶಿಕ್ಷಕರಿಗೆ ಉತ್ತರಿಸಲು ಅವಕಾಶ ಕೊಟ್ಟೇ ಕ್ರಮ ಕೈಗೊಳ್ಳಬೇಕೆಂದು ಕಾಯ್ದೆಯಲ್ಲಿದೆ, ಅದೂ ಸರಿಯೇ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಫೋಟೊ ಹಾಕಿ ಮಾನ ಕಳೆಯುವುದು ಲೆಕ್ಕ ಕೇಳುವ ರೀತಿಯಲ್ಲ.

ಇಂಥವರ ಸಂಖ್ಯೆ ನಾವು ಅಂದುಕೊಂಡಷ್ಟಿಲ್ಲ ಎಂಬುದನ್ನೂ ಹೇಳಬೇಕು. 2003ರಲ್ಲಿ 20 ರಾಜ್ಯಗಳ ಶಾಲೆಗಳಿಗೆ ಮುನ್ಸೂಚನೆ ಕೊಡದೆ ಹೋಗಿ ನೋಡಿದ ಸಂಶೋಧಕರಿಗೆ ನಾಲ್ವರಲ್ಲಿ ಒಬ್ಬ ಶಿಕ್ಷಕರು ಕಾಣಲಿಲ್ಲ. ಆ ಅಂಕಿ ದೇಶವೆಲ್ಲ ಸುತ್ತಿತು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ 2017ರಲ್ಲಿ ಆರು ರಾಜ್ಯಗಳ 619 ಶಾಲೆಗಳಲ್ಲಿ ಮಾಡಿದ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಇಲ್ಲದವರು ಎಲ್ಲಿದ್ದಾರೆ ಎಂದು ವಿಚಾರಿಸಿತು. ಶೇ 18.5ರಷ್ಟು ಶಿಕ್ಷಕರು ಶಾಲೆಯಲ್ಲಿರಲಿಲ್ಲ, ಆದರೆ ಕಾರಣವಿಲ್ಲದೆ ಗೈರಾದವರು ಶೇ 2.5 ಮಾತ್ರ. ಉಳಿದವರು ರಜೆ, ತರಬೇತಿ, ಇಲಾಖೆಯ ಕೆಲಸ ಎಂದು ಹೋದವರು. ಮಗುವಿನ ಕಡೆಯಿಂದ ನೋಡಿದರೆ ಕುರ್ಚಿ ಎರಡೂ ಸಂದರ್ಭದಲ್ಲಿ ಖಾಲಿ. ಹಾಗಾದರೆ ಶೇ 2.5ಕ್ಕೆ ಬಿಇಒಗೆ ಬರೆಯುವ ನಾವು, ಉಳಿದದ್ದಕ್ಕೆ ಯಾರಿಗೆ ಬರೆಯಬೇಕು?

2025ರ ದಸರೆ ನೆನಪಿಸಿಕೊಳ್ಳಿ. ಶಿಕ್ಷಕರಿಂದ ಮಾಡಿಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಸೆಪ್ಟೆಂಬರ್ 22ರಂದು ಶುರುವಾಯಿತು, ರಜೆಯಲ್ಲಿ ಮುಗಿಯಲಿಲ್ಲ. ಅಕ್ಟೋಬರ್ 18ರವರೆಗೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ರಜೆ ವಿಸ್ತರಿಸಿದರು. ಸಮೀಕ್ಷೆ ಬೇಕೆ ಬೇಡವೇ ಎಂಬ ವಾದಕ್ಕೆ ನಾನಿಲ್ಲಿ ಇಳಿಯುವುದಿಲ್ಲ, ಅದರಲ್ಲಿ ಎಣಿಕೆಯಾಗಬೇಕಾದವರೇ ನಮ್ಮ ಶಾಲೆಯ ಮಕ್ಕಳು. ಆದರೆ ಅದರ ಬೆಲೆ ತೆತ್ತ ಮಕ್ಕಳೂ ಅವರೇ. ಕಾಯ್ದೆಯ 27ನೇ ಸೆಕ್ಷನ್ ಶಿಕ್ಷಕರನ್ನು ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಕೇಂದ್ರದ 2010ರ ನಿಯಮಗಳಲ್ಲಂತೂ, ಶಿಕ್ಷಕರು ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ ಎಂದು ನೋಡುವ ಹೊಣೆಯನ್ನೂ, ಅವರ ಮೇಲೆ ಬೇರೆ ಕೆಲಸದ ಹೊರೆ ಬೀಳದಂತೆ ನೋಡುವ ಹೊಣೆಯನ್ನೂ ಒಂದೇ ಸಮಿತಿಗೆ, ಪೋಷಕರ ಸಮಿತಿಗೆ, ವಹಿಸಿದ್ದಾರೆ. ಮೊದಲನೆಯದನ್ನು ಮಾಡಲು ಎರಡನೆಯದು ನಮಗೆ ಅರ್ಹತೆ ಕೊಡುತ್ತದೆ. ತಮ್ಮ ಪರವಾಗಿ ಒಂದು ಸಾಲೂ ಬರೆಯದ ಊರು "ಯಾಕೆ ತಡವಾಗಿ ಬಂದ್ರಿ ಮೇಡಂ" ಎಂದರೆ ಯಾವ ಶಿಕ್ಷಕಿಗೆ ತಾನೇ ಸಿಟ್ಟು ಬರುವುದಿಲ್ಲ?

ಶಿಕ್ಷಕ ಬಂಧುಗಳಲ್ಲೂ ಒಂದು ಮಾತು. ವರ್ಗಾವಣೆಗೆ, ಪಿಂಚಣಿಗೆ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಕುರಿತ ಸುಪ್ರೀಂ ಕೋರ್ಟ್ ತೀರ್ಪಿನ ವಿರುದ್ಧ ನಿಮ್ಮ ಸಂಘಗಳು ದನಿಯೆತ್ತುತ್ತವೆ, ಎತ್ತಲಿ. ಪಾಠದ ದಿನಗಳು ಕಳೆದುಹೋದದ್ದಕ್ಕೂ ಒಮ್ಮೆ ಎತ್ತಿ, ಪಕ್ಕದಲ್ಲಿ ಪೋಷಕರು ನಿಲ್ಲುತ್ತೇವೆ.

2027ರ ಫೆಬ್ರವರಿಯಲ್ಲಿ ಜನಗಣತಿಯ ಎಣಿಕೆ. ಇದಕ್ಕೆ ಕಾನೂನಿನ ಒಪ್ಪಿಗೆಯಿದೆ, ಶಿಕ್ಷಕರು ಹೋಗಲೇಬೇಕಾಗುತ್ತದೆ. ಅದರ ಬೆನ್ನಿಗೇ ಪರೀಕ್ಷೆಯ ಕಾಲ. ಆದ್ದರಿಂದ ನಿಮ್ಮ ಶಾಲೆಯ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ಠರಾವು ಬರೆಸಿ: ನಮ್ಮ ಶಾಲೆಯಿಂದ ಯಾವ ಯಾವ ಶಿಕ್ಷಕರು, ಯಾವ ದಿನಗಳಂದು ಗಣತಿಗೆ ಹೋಗುತ್ತಾರೆ, ಆ ದಿನಗಳಲ್ಲಿ ಅವರ ತರಗತಿ ಯಾರು ತೆಗೆದುಕೊಳ್ಳುತ್ತಾರೆ, ಕಳೆದ ಪಾಠದ ಅವಧಿಯನ್ನು ಯಾವ ಶನಿವಾರಗಳಲ್ಲಿ ತುಂಬಿಕೊಡುತ್ತಾರೆ ಎಂದು ಲಿಖಿತ ಉತ್ತರ ಬೇಕು. ಪ್ರತಿಯನ್ನು ಬಿಇಒಗೂ ಜಿಲ್ಲಾಧಿಕಾರಿಗೂ ಕಳಿಸಿ. ಅದೇ ಪುಟದಲ್ಲಿ, ತರಗತಿವಾರು ಎಷ್ಟು ಮಕ್ಕಳಿಗೆ ಓದಲು ಬರುತ್ತದೆ ಎಂಬ ಲೆಕ್ಕವನ್ನೂ ಮುಖ್ಯ ಶಿಕ್ಷಕರಿಂದ ಕೇಳಿ ಬರೆಸಿ, ಸಹಿ ಮಾಡುವ ಮುನ್ನ ಪೂರ್ತಿ ಓದಿಸಿಕೊಳ್ಳಿ.