ಒಂದು ನುಡಿ, ಎರಡು ಪ್ರಭುತ್ವ: ಕೊರಿಯಾದ ಇತಿಹಾಸ ಹೇಳುವುದೇನು?

ಒಂದೇ ಜನಾಂಗ, ಒಂದೇ ನುಡಿ, ಹದಿನೈದನೆಯ ಶತಮಾನದಲ್ಲಿ ದೊರೆ ಸೆಜೋಂಗ್ ರೂಪಿಸಿದ ಒಂದೇ ಲಿಪಿ. 1945ರಲ್ಲಿ ಜಪಾನಿನ ಆಳ್ವಿಕೆ ಕೊನೆಗೊಂಡಾಗ 38ನೆಯ ಅಕ್ಷಾಂಶದ ಮೇಲೆ ಎಳೆದ ಗೆರೆ ಕೊರಿಯಾವನ್ನು ಇಬ್ಭಾಗ ಮಾಡಿತು. 1948ರಲ್ಲಿ ಎರಡು ರಾಷ್ಟ್ರಗಳು ಹುಟ್ಟಿದವು. 1950-53ರ ಯುದ್ಧ ಒಡಕನ್ನು ಸ್ಥಿರಗೊಳಿಸಿತು. ಇಂದು ದಕ್ಷಿಣವು ಸಿರಿವಂತ, ಉತ್ತರವು ಬಡದೇಶ. ಇದನ್ನು ಕಂಡು, ಪ್ರಜಾಪ್ರಭುತ್ವವೇ ಸಂಪತ್ತನ್ನು ತಂದಿತೆಂದು ಅನೇಕರು ತೀರ್ಮಾನಿಸುತ್ತಾರೆ. ಇತಿಹಾಸ ಅಷ್ಟು ಸರಳವಾಗಿಲ್ಲ.

ಜಪಾನೀಯರು ಕಟ್ಟಿದ ಭಾರಿ ಕೈಗಾರಿಕೆ ಮತ್ತು ಜಲವಿದ್ಯುತ್ ಸ್ಥಾವರಗಳು ಬಹುಮಟ್ಟಿಗೆ ಉತ್ತರದಲ್ಲಿದ್ದವು. 1948ರ ಮೇ ತಿಂಗಳಲ್ಲಿ ಉತ್ತರವು ವಿದ್ಯುತ್ ಪೂರೈಕೆಯನ್ನು ನಿಲ್ಲಿಸಿದಾಗ ದಕ್ಷಿಣವು ತತ್ತರಿಸಿತು. ಯುದ್ಧಾನಂತರವೂ ಹಲವು ವರ್ಷ ಕೈಗಾರಿಕೆಯಲ್ಲಿ ಉತ್ತರವೇ ಮುಂದಿತ್ತು. ದಕ್ಷಿಣದ ತ್ವರಿತ ಬೆಳವಣಿಗೆ ಮೊದಲಾದುದು 1961ರಲ್ಲಿ ಸೈನ್ಯಬಲದಿಂದ ಅಧಿಕಾರ ಹಿಡಿದ ಪಾರ್ಕ್ ಚುಂಗ್ ಹೀಯ ಕಾಲದಲ್ಲಿ. ಪಂಚವಾರ್ಷಿಕ ಯೋಜನೆ, ರಫ್ತಿಗೆ ಪ್ರೋತ್ಸಾಹ, ಕೆಲವೇ ಉದ್ಯಮಿ ಮನೆತನಗಳಿಗೆ ಅಗ್ಗದ ಸಾಲ ಇವು ಅದರ ಸಾಧನಗಳು. ಬೆಲೆ ತೆತ್ತವರು ಕಾರ್ಮಿಕರು. 1970ರ ನವೆಂಬರ್ 13ರಂದು ಸಿಯೋಲ್ ನಗರದ ಉಡುಪು ಕಾರ್ಮಿಕ ಜಿಯೋನ್ ತೇ ಇಲ್, ಕಾರ್ಮಿಕ ಕಾನೂನನ್ನು ಪಾಲಿಸಿರೆಂದು ಆಗ್ರಹಿಸಿ ಮೈಗೆ ಬೆಂಕಿ ಹಚ್ಚಿಕೊಂಡು ಮಡಿದನು.

ಸಂಪತ್ತು ಮೊದಲು ಬಂದಿತು. ಪ್ರಜಾಪ್ರಭುತ್ವವನ್ನು ಜನರು ಹೋರಾಡಿ ಪಡೆದರು. 1980ರಲ್ಲಿ ಗ್ವಾಂಗ್ಜುವಿನಲ್ಲಿ ಸೈನ್ಯವು ನಾಗರಿಕರನ್ನು ಕೊಂದಿತು. 1987ರ ಜೂನ್ ಚಳವಳಿಯು ಅಧ್ಯಕ್ಷರ ನೇರ ಚುನಾವಣೆಯನ್ನು ದೊರಕಿಸಿತು. ಗ್ವಾಂಗ್ಜುವಿನ ಹತ್ಯಾಕಾಂಡವನ್ನು ಕಾದಂಬರಿಯಾಗಿಸಿದ ಹಾನ್ ಕಾಂಗ್ ಅವರಿಗೆ 2024ರ ನೊಬೆಲ್ ಸಾಹಿತ್ಯ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್ ಯೋಲ್ ಸೈನಿಕ ಶಾಸನವನ್ನು ಘೋಷಿಸಿದಾಗ, ಸಂಸತ್ತು ಕೆಲವೇ ಗಂಟೆಗಳಲ್ಲಿ ಅದರ ವಿರುದ್ಧ ನಿರ್ಣಯ ಕೈಗೊಂಡಿತು.

ಉತ್ತರದಲ್ಲಿ ಇಂಥ ತಿದ್ದುಪಡಿಗೆ ದಾರಿಯಿರಲಿಲ್ಲ. 1990ರ ದಶಕದಲ್ಲಿ ಸೋವಿಯತ್ ನೆರವು ನಿಂತು, ಪ್ರವಾಹ ಬಂದು, ಪಡಿತರ ವ್ಯವಸ್ಥೆ ಕುಸಿದಾಗ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಳುವವರನ್ನು ಪ್ರಶ್ನಿಸುವ ಪತ್ರಿಕೆಯಾಗಲಿ ವಿರೋಧ ಪಕ್ಷವಾಗಲಿ ಅಲ್ಲಿರಲಿಲ್ಲ. ಉಳಿದವರು ಜಂಗ್ಮಾದಂಗ್ ಎಂಬ ಸಂತೆಗಳಲ್ಲಿ ಕೊಂಡು ಮಾರಿ ಬದುಕಿದರು. 2023ರ ಕಾನೂನೊಂದು ದಕ್ಷಿಣದ ನುಡಿಗಟ್ಟನ್ನು ಬಳಸುವುದನ್ನೂ ಅಪರಾಧವೆಂದು ಸಾರಿತು.

ದಕ್ಷಿಣವೂ ಸುಖದ ನೆಲೆಯಲ್ಲ. 2023ರಲ್ಲಿ ಅದರ ಫಲವಂತಿಕೆಯ ದರ 0.72ಕ್ಕೆ ಇಳಿಯಿತು; ದುಡಿಮೆಯ ಒತ್ತಡದಲ್ಲಿ ಯುವಜನರು ಮದುವೆ, ಮಕ್ಕಳಿಂದ ದೂರ ಸರಿಯುತ್ತಿದ್ದಾರೆ. ಆದರೆ ಆ ದುಃಖವನ್ನು ಅಲ್ಲಿ ಬರೆಯಬಹುದು, ಅಚ್ಚು ಹಾಕಬಹುದು, ಚರ್ಚಿಸಬಹುದು. ಎರಡು ಕೊರಿಯಾಗಳನ್ನು ತೂಗುವಾಗ ವರಮಾನದ ಅಂಕಿಗಳಿಗಿಂತ ಮೊದಲು ನೋಡಬೇಕಾದುದು ಇದನ್ನೇ: ಸೆಜೋಂಗನ ಲಿಪಿಯಲ್ಲಿ ಪ್ರಭುತ್ವದ ತಪ್ಪನ್ನು ಬರೆದವನು ಎಲ್ಲಿ ಬದುಕಿ ಉಳಿಯುತ್ತಾನೆ?