ಕುರ್ಚಿಗಿಂತ ಮೊದಲು ಉತಾರ

ಮಹಿಳಾ ಮೀಸಲಾತಿಯ ಮಾತು ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಯಾರಾದರೊಬ್ಬರು ಆಫ್ರಿಕಾದ ರುವಾಂಡಾ ದೇಶದ ಹೆಸರು ಎತ್ತುತ್ತಾರೆ. ಸಂಸತ್ತಿನ ಕೆಳಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರನ್ನು ಕೂರಿಸಿದ ಮೊದಲ ದೇಶ ಅದು. ಮಾತು ನಿಜ. 2003ರ ಸಂವಿಧಾನ 80 ಸ್ಥಾನಗಳಲ್ಲಿ 24ನ್ನು ಮಹಿಳೆಯರಿಗೆಂದೇ ಇಟ್ಟಿತು; 2008ರಲ್ಲಿ 45, 2013ರಲ್ಲಿ 51 ಮಹಿಳೆಯರು ಆರಿಸಿ ಬಂದರು. ಆದರೆ ಶರಣ ಬಂಧುಗಳೇ, ಈ ಲೆಕ್ಕವಷ್ಟನ್ನೇ ಹೇಳಿ ವೇದಿಕೆ ಇಳಿದರೆ ಮುಖ್ಯ ಸಂಗತಿ ಬಿಟ್ಟುಹೋಗುತ್ತದೆ ಎಂಬುದು ನನ್ನ ತಕರಾರು.

1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು ನೂರು ದಿನಗಳಲ್ಲಿ, ಅಲ್ಲಿ ಎಂಟು ಲಕ್ಷದಷ್ಟು ಜನರ ಕೊಲೆಯಾಯಿತು. ಸತ್ತವರಲ್ಲಿ ಬಹುಪಾಲು ಟುಟ್ಸಿ ಜನಾಂಗದವರು. ಆಗಲೂ ಅಧಿಕಾರದಲ್ಲಿ ಮಹಿಳೆಯರಿದ್ದರು. ಪ್ರಧಾನಿ ಅಗಾತೆ ಉವಿಲಿಂಗಿಯಿಮಾನ, ಹಿಂದೆ ಶಿಕ್ಷಣ ಸಚಿವೆಯಾಗಿದ್ದಾಗ ಶಾಲೆಗಳಲ್ಲಿದ್ದ ಜನಾಂಗವಾರು ಕೋಟಾ ತೆಗೆದುಹಾಕಿದವರು. ಏಪ್ರಿಲ್ 7ರಂದು ಸೈನಿಕರು ಅವರನ್ನು ಕೊಂದರು. ಅದೇ ಸರ್ಕಾರದಲ್ಲಿ ಕುಟುಂಬ ಮತ್ತು ಮಹಿಳಾ ಖಾತೆ ನೋಡುತ್ತಿದ್ದವರು ಪೌಲಿನ್ ನ್ಯಿರಾಮಾಸುಹುಕೊ. ನರಮೇಧ ಮತ್ತು ಅತ್ಯಾಚಾರದ ಅಪರಾಧಗಳಿಗೆ 2011ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿ ತಪ್ಪಿತಸ್ಥೆ ಎಂದು ತೀರ್ಪು ಕೊಟ್ಟದ್ದು ಇವರಿಗೇ! ಹೆಣ್ಣು ಕುರ್ಚಿಯಲ್ಲಿ ಕೂತರೆ ಎಲ್ಲವೂ ಸರಿಹೋದೀತು ಎನ್ನುವವರು ಈ ಇಬ್ಬರನ್ನೂ ಒಟ್ಟಿಗೆ ನೆನೆಯಬೇಕು.

ಕೊಲೆ ನಿಂತ ಮೇಲೆ ಮೂರಕ್ಕೊಂದರಷ್ಟು ಮನೆಗಳ ಭಾರ ಹೆಂಗಸರ ಮೇಲೆ ಬಿತ್ತು. ಕೆಲವರ ಗಂಡಂದಿರು ಸತ್ತಿದ್ದರು, ಕೆಲವರ ಗಂಡಂದಿರು ಕೊಲೆ ಆರೋಪದ ಮೇಲೆ ಜೈಲಿನಲ್ಲಿದ್ದರು. ಹೊಲ ಅಗೆದು ಬಿತ್ತುವವಳು ಅವಳೇ. ಆದರೆ ರೂಢಿಯ ಪ್ರಕಾರ ಮಗಳಿಗೆ ತಂದೆಯ ಹೊಲದಲ್ಲಿ ಪಾಲಿಲ್ಲ. ವಿಧವೆಗೆ ಗಂಡನ ಕಡೆಯವರು ಇರಗೊಟ್ಟಷ್ಟು ದಿನ ಮಾತ್ರ ಅನ್ನ. ನೀರಾವರಿ ಕೆಲಸದಲ್ಲಿ ಮುಳುಗಡೆ ಹಳ್ಳಿಗಳ ಕಡತ ನೋಡಿದವನು ನಾನು. ಪರಿಹಾರದ ಚೆಕ್ಕು ಉತಾರದಲ್ಲಿ ಹೆಸರಿದ್ದವರಿಗೆ ಹೋಗುತ್ತದೆ, ಕಳೆ ಕಿತ್ತವಳಿಗಲ್ಲ. ಅದಕ್ಕೇ ರುವಾಂಡಾದ ಕಥೆಯಲ್ಲಿ ನನ್ನ ಕಣ್ಣು ನಿಲ್ಲುವುದು 1999ರ ವಾರಸಾ ಕಾನೂನಿನ ಮೇಲೆ. ಮೀಸಲು ಸ್ಥಾನ ಬರುವುದಕ್ಕೂ ನಾಲ್ಕು ವರ್ಷ ಮೊದಲು, ಮಹಿಳಾ ಸಂಘಟನೆಗಳ ಒತ್ತಾಯದಿಂದ, ಮಗನಿಗೂ ಮಗಳಿಗೂ ಸಮಪಾಲು ಎಂದು ಅದು ಬರೆಯಿತು.

ಬರೆದದ್ದನ್ನು ನೆಲದ ಮೇಲೆ ಇಳಿಸಿದ ರೀತಿ ಎಂಜಿನಿಯರನಾದ ನನಗೆ ಇನ್ನೂ ಮೆಚ್ಚುಗೆ. 2009ರಿಂದ ಐದು ವರ್ಷದೊಳಗೆ ದೇಶದ ಸುಮಾರು ಒಂದು ಕೋಟಿ ಹಿಡುವಳಿ ತುಂಡುಗಳನ್ನು ದಾಖಲಿಸಿದರು. ದುಬಾರಿ ಸರ್ವೆ ಯಂತ್ರಗಳನ್ನು ನೆಚ್ಚಲಿಲ್ಲ. ಆಕಾಶದಿಂದ ತೆಗೆದ ಚಿತ್ರದ ಹಾಳೆ ಹಿಡಿದು, ತರಬೇತಿ ಕೊಟ್ಟ ಊರಿನ ಯುವಕ ಯುವತಿಯರು ಅಕ್ಕಪಕ್ಕದ ಹೊಲದವರನ್ನು ನಿಲ್ಲಿಸಿಕೊಂಡು ಬದು ಗುರುತಿಸಿದರು. ತುಂಡೊಂದಕ್ಕೆ ಹತ್ತು ಡಾಲರಿಗಿಂತ ಕಡಿಮೆ ಖರ್ಚು. ಹಕ್ಕುಪತ್ರದಲ್ಲಿ ಗಂಡ ಹೆಂಡತಿ ಇಬ್ಬರ ಹೆಸರು.

ಆದರೆ ಸರ್ಕಾರದಲ್ಲಿ ಮದುವೆ ನೋಂದಾಯಿಸದ ಹೆಂಡತಿಗೆ ಆ ಕಾನೂನಿನ ನೆರಳು ಸಿಗಲಿಲ್ಲ. ಅಂಥವರು ಬಹಳ ಜನ. (ನಮ್ಮ ಕರ್ನಾಟಕವೂ ಅದೇ 1994ರ ಜುಲೈ 30ರಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಅಷ್ಟರೊಳಗೆ ಮದುವೆಯಾದವರನ್ನು ಬಿಟ್ಟು. ಹಕ್ಕುಬಿಡುಗಡೆ ಪತ್ರಕ್ಕೆ ತಂಗಿಯ ಸಹಿ ಹಾಕಿಸಿ ಸೀರೆ ಉಡಿಸಿ ಕಳಿಸಿದ ಅಣ್ಣಂದಿರು ಈ ಪತ್ರಿಕೆಯ ಓದುಗರಲ್ಲೂ ಇದ್ದಾರು.)

ಇನ್ನೊಂದು ಮಾತು. ಸಂಸತ್ತಿನಲ್ಲಿ ಅಷ್ಟು ಮಹಿಳೆಯರಿದ್ದರೂ ಅಧ್ಯಕ್ಷ ಕಗಾಮೆಯವರ ಎದುರು ನಿಂತು ಮಾತಾಡುವ ಹೆಣ್ಣಿಗೆ ಅಲ್ಲಿ ಜಾಗ ಕಿರಿದು. ಚುನಾವಣೆಗೆ ನಿಲ್ಲಲು 2010ರಲ್ಲಿ ದೇಶಕ್ಕೆ ಮರಳಿದ ವಿಕ್ಟೋರ್ ಇಂಗಾಬಿರೆ ಎಂಟು ವರ್ಷ ಜೈಲು ಕಂಡರು. 2017ರಲ್ಲಿ ಡಯಾನ್ ರ್ವಿಗಾರಾ ಅವರ ಉಮೇದುವಾರಿಕೆ ತಿರಸ್ಕೃತವಾಯಿತು. ಆಮೇಲೆ ಅವರನ್ನು ಬಂಧಿಸಿದರು, ಮರುವರ್ಷ ನ್ಯಾಯಾಲಯ ನಿರ್ದೋಷಿ ಎಂದಿತು. 2024ರ ಚುನಾವಣೆಯಲ್ಲೂ ಕೆಳಮನೆಗೆ ಶೇಕಡಾ 60ಕ್ಕಿಂತ ಹೆಚ್ಚು ಮಹಿಳೆಯರು ಬಂದರು. ಅದೇ ಚುನಾವಣೆಯಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಲು ಈ ಇಬ್ಬರಿಗೂ ಬಿಡಲಿಲ್ಲ.