ಸೈಕಲ್ ಮೇಲೆ ಇನ್ನೂರು ಕಿಲೋಮೀಟರ್: ಮೂರು ತಾಲ್ಲೂಕುಗಳ ವರ್ತಕ ಬಾಂಧವರಲ್ಲೊಂದು ವಿನಂತಿ

ದೂರ ಪ್ರಯಾಣದ ಸೈಕಲ್ ಸವಾರಿಗಳು ನಮ್ಮ ರಾಜ್ಯದಲ್ಲಿ ಈಗ ಹೊಸ ಸಂಗತಿಯಾಗಿ ಉಳಿದಿಲ್ಲ. 2008ರಲ್ಲಿ ಪ್ರಾರಂಭಗೊಂಡ ‘ಟೂರ್ ಆಫ್ ನೀಲಗಿರೀಸ್’ ಕರ್ನಾಟಕ, ತಮಿಳುನಾಡು ಹಾಗೂ ಕೇರಳದ ಘಟ್ಟದ ರಸ್ತೆಗಳಿಗೆ ದೇಶವಿದೇಶಗಳ ಸವಾರರನ್ನು ಕರೆತಂದಿದೆ. ನಮ್ಮ ಸಮೀಪದಲ್ಲಿಯೇ ಹುಬ್ಬಳ್ಳಿ ಬೈಸಿಕಲ್ ಕ್ಲಬ್ ಮೊದಲಾದ ಸಂಘಗಳು ‘ಬ್ರೆವೆ’ ಎಂದು ಕರೆಯಲಾಗುವ 200 ಕಿ.ಮೀ. ಮತ್ತು ಅದಕ್ಕೂ ಮೀರಿದ ಸವಾರಿಗಳನ್ನು ಏರ್ಪಡಿಸುತ್ತ ಬಂದಿವೆ. ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಹಳ್ಳಿಗಾಡಿನ ಮಧ್ಯೆ ಹಾಯ್ದುಹೋಗುವ ಇಂತಹದೊಂದು ವಾರ್ಷಿಕ ಸವಾರಿ ನಡೆಯಬೇಕು. ಅದರಲ್ಲಿ ನಮ್ಮ ವರ್ತಕರೂ ಸಣ್ಣ ಉದ್ದಿಮೆದಾರರೂ ವೇದಿಕೆಯ ಅತಿಥಿಗಳಾಗಿ ಅಲ್ಲ, ಸ್ವತಃ ಸವಾರರಾಗಿ ಭಾಗವಹಿಸಬೇಕು ಎಂಬುದು ಈ ಲೇಖನದ ಅಭಿಪ್ರಾಯ.

ಜಾಥಾ ಬೇರೆ, ಸವಾರಿ ಬೇರೆ

ಸೈಕಲ್ ಕಾರ್ಯಕ್ರಮವೆಂದೊಡನೆ ನಮ್ಮ ಕಣ್ಣೆದುರು ಬರುವುದು ಜಾಥಾ. ಗಣ್ಯರು ಹಸಿರು ನಿಶಾನೆ ತೋರುವುದು, ಮುದ್ರಿತ ಅಂಗಿ ತೊಟ್ಟ ಮಕ್ಕಳು ಮುಖ್ಯ ಬೀದಿಯಲ್ಲಿ ಎರಡು ಸುತ್ತು ಹಾಕುವುದು, ಉಪಾಹಾರ, ಛಾಯಾಚಿತ್ರ. ಇದರಲ್ಲಿ ದೋಷವೇನೂ ಇಲ್ಲ. ಆದರೆ ಇದರಿಂದ ಊರಿಗೆ ತಿಳಿದುಬರುವುದೂ ಏನೂ ಇಲ್ಲ.

ಬ್ರೆವೆಯ ಕ್ರಮ ಭಿನ್ನವಾದುದು. ಅದು ಸ್ಪರ್ಧೆಯಲ್ಲ, ಮೊದಲಿಗ, ಕೊನೆಯವನೆಂಬ ಬಹುಮಾನಗಳಿಲ್ಲ. ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪಾರಿಸಿಯನ್ ರೂಪಿಸಿದ ನಿಯಮಗಳ ಪ್ರಕಾರ 200 ಕಿ.ಮೀ.ಗಳನ್ನು 13½ ಗಂಟೆಗಳಲ್ಲಿ, 300 ಕಿ.ಮೀ.ಗಳನ್ನು 20 ಗಂಟೆಗಳಲ್ಲಿ, 400 ಕಿ.ಮೀ.ಗಳನ್ನು 27 ಗಂಟೆಗಳಲ್ಲಿ ಹಾಗೂ 600 ಕಿ.ಮೀ.ಗಳನ್ನು 40 ಗಂಟೆಗಳಲ್ಲಿ ಮುಗಿಸಬೇಕು. ಊಟ, ವಿಶ್ರಾಂತಿ, ಪಂಕ್ಚರ್ ದುರಸ್ತಿ ಎಲ್ಲವೂ ಈ ಅವಧಿಯೊಳಗೇ ಸೇರಿರುತ್ತವೆ. ಮಾರ್ಗದಲ್ಲಿ ನಿಗದಿಪಡಿಸಿದ ಠಾಣೆಗಳಲ್ಲಿ ನಿಗದಿತ ಸಮಯದೊಳಗೆ ಹಾಜರಾಗಿ ತನ್ನ ಚೀಟಿಗೆ ಮುದ್ರೆ ಹಾಕಿಸಿಕೊಳ್ಳಬೇಕು. ಬೆನ್ನಹಿಂದೆ ಸಾಮಾನು ಹೊತ್ತ ವಾಹನ ಬರುವುದಿಲ್ಲ. ಹಸಿವಾದರೆ ದಾರಿಯ ಖಾನಾವಳಿಯಲ್ಲಿ ಉಣ್ಣಬೇಕು, ಬಾಯಾರಿದರೆ ದಾರಿಯ ಊರಿನಲ್ಲಿ ನೀರು ಕೇಳಬೇಕು. ಅಂದರೆ ಸವಾರನು ದಾರಿಯ ಊರುಗಳನ್ನು ಅವಲಂಬಿಸಿಯೇ ಸಾಗುತ್ತಾನೆ. ವ್ಯಾಪಾರಸ್ಥರಾದ ನಮಗೆ ಮಹತ್ವದ್ದು ಈ ಅಂಶವೇ.

ವ್ಯಾಪಾರಕ್ಕೂ ಸವಾರಿಗೂ ಹಳೆಯ ನಂಟು

ದೂರ ಸವಾರಿಗಳ ಮೂಲದಲ್ಲಿಯೇ ವ್ಯಾಪಾರದ ಚಾತುರ್ಯವಿದೆ. 1891ರಲ್ಲಿ ಪ್ಯಾರಿಸ್‌ನಿಂದ ಬ್ರೆಸ್ತ್ ನಗರಕ್ಕೆ ಹೋಗಿ ಮರಳುವ ಸುಮಾರು 1200 ಕಿ.ಮೀ. ಪಂದ್ಯವನ್ನು ಏರ್ಪಡಿಸಿದ್ದು ಒಂದು ದಿನಪತ್ರಿಕೆ. 1903ರಲ್ಲಿ ‘ಟೂರ್ ಡಿ ಫ್ರಾನ್ಸ್’ ಪ್ರಾರಂಭವಾದುದೂ ಪತ್ರಿಕೆಯೊಂದರ ಪ್ರಸಾರ ಹೆಚ್ಚಿಸುವ ಉದ್ದೇಶದಿಂದಲೇ. ಪ್ಯಾರಿಸ್–ಬ್ರೆಸ್ತ್ ಮಾರ್ಗದ ಪಕ್ಕದ ಊರಿನ ಒಬ್ಬ ಮಿಠಾಯಿಗಾರನು 1910ರಲ್ಲಿ ಸೈಕಲ್ ಚಕ್ರದ ಆಕಾರದ ತಿನಿಸೊಂದನ್ನು ತಯಾರಿಸಿದನು. ‘ಪ್ಯಾರಿಸ್–ಬ್ರೆಸ್ತ್’ ಎಂಬ ಹೆಸರಿನ ಆ ತಿನಿಸು ಇಂದಿಗೂ ಫ್ರಾನ್ಸಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿದೆ.

ನಮಗೆ ಇನ್ನೂ ಹತ್ತಿರದ ಹೋಲಿಕೆ ಅಮೆರಿಕದ ಅಯೋವಾ ರಾಜ್ಯದ್ದು. ಅದೂ ನಮ್ಮಂತೆ ಬೇಸಾಯವನ್ನೇ ನಂಬಿದ, ಸಣ್ಣ ಪಟ್ಟಣಗಳ ಸೀಮೆ. 1973ರಲ್ಲಿ ಅಲ್ಲಿಯ ಪತ್ರಿಕೆಯೊಂದರ ಇಬ್ಬರು ಬರಹಗಾರರು ರಾಜ್ಯದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸೈಕಲ್ ಮೇಲೆ ಹೊರಟು, ಬಯಸುವ ಓದುಗರೂ ಜೊತೆಗೂಡಬಹುದೆಂದು ಬರೆದರು. ಸುಮಾರು 300 ಜನ ಹೊರಟರು. ‘ರಾಗ್‌ಬ್ರಾಯ್’ ಎಂಬ ಆ ವಾರ್ಷಿಕ ಸವಾರಿಗೆ 2023ರಲ್ಲಿ ಐವತ್ತನೆಯ ಆವೃತ್ತಿಯ ಸಂಭ್ರಮ. ಭಾಗವಹಿಸುವವರು ಈಗ ಸಾವಿರಾರು. ಮಾರ್ಗ ಪ್ರತಿವರ್ಷ ಬದಲಾಗುತ್ತದೆ. ರಾತ್ರಿ ತಂಗುವ ಊರು ತಮ್ಮದಾಗಲೆಂದು ಸಣ್ಣ ಪಟ್ಟಣಗಳು ಪೈಪೋಟಿ ನಡೆಸುತ್ತವೆ. ಊರಿನ ಸಂಘಗಳೂ ಚರ್ಚುಗಳೂ ಮನೆಯಡುಗೆ ಮಾರಿ ತಮ್ಮ ಸಾರ್ವಜನಿಕ ಕೆಲಸಗಳಿಗೆ ಹಣ ಕೂಡಿಸುತ್ತವೆ.

ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡೋಣ

ಹಾಗೆಂದು ನಮ್ಮಲ್ಲಿ ಸವಾರಿ ನಡೆದ ದಿನವೇ ಪೇಟೆಗೆ ಹಣದ ಹೊಳೆ ಹರಿಯುತ್ತದೆಂದು ಹೇಳುವುದು ಸರಿಯಾಗಲಾರದು. ಮೊದಲ ವರ್ಷ 50 ಸವಾರರು ಬಂದರೆಂದೂ ಪ್ರತಿಯೊಬ್ಬರೂ ದಾರಿಯಲ್ಲಿ 400 ರೂ. ವೆಚ್ಚ ಮಾಡಿದರೆಂದೂ ಭಾವಿಸೋಣ. ಒಟ್ಟು 20,000 ರೂ. ಮೂರು ಪಟ್ಟಣಗಳಿಗೆ ಹಂಚಿದರೆ ತಲಾ ಏಳು ಸಾವಿರವೂ ಆಗದು. ಸಂತೆಯ ದಿನ ಒಂದು ಸಾಧಾರಣ ಕಿರಾಣಿ ಅಂಗಡಿಯೇ ಇದಕ್ಕಿಂತ ಹೆಚ್ಚಿನ ವಹಿವಾಟು ನಡೆಸುವುದುಂಟು. ಆದುದರಿಂದ ‘ಪ್ರವಾಸೋದ್ಯಮ ಅಭಿವೃದ್ಧಿ’ ಎಂಬ ದೊಡ್ಡ ಮಾತಿನ ಆಧಾರದ ಮೇಲೆ ಈ ಕಾರ್ಯಕ್ಕೆ ಕೈಹಾಕಿದವರು ಎರಡನೆಯ ವರ್ಷಕ್ಕೇ ಕೈಬಿಡುವರು.

ಲಾಭವಿರುವುದು ಬೇರೆಡೆ. ನಮ್ಮ ರಸ್ತೆ, ಪೇಟೆ, ಅಂಗಡಿಗಳು ಕಾರು ಹೊಂದದ ಮನುಷ್ಯನಿಗೆ ಹೇಗೆ ಕಾಣುತ್ತವೆಂಬುದನ್ನು ಒಂದೇ ದಿನದಲ್ಲಿ ತೋರಿಸಿಕೊಡುವ ತಪಾಸಣೆ ಈ ಸವಾರಿ. ನಮ್ಮ ಗಿರಾಕಿಗಳಲ್ಲಿ ಬಹುಪಾಲು ಜನ ಅಂತಹ ಮನುಷ್ಯರೇ. ಹೊಲಕ್ಕೆ ಹೋಗುವ ಕೂಲಿಕಾರ, ನೇಕಾರ, ಪಕ್ಕದ ಊರಿನ ಪ್ರೌಢಶಾಲೆಗೆ ಹೋಗುವ ಹುಡುಗಿ ಇದೇ ರಸ್ತೆಗಳ ಅಂಚಿನಲ್ಲಿ ನಿತ್ಯ ಸೈಕಲ್ ತುಳಿಯುತ್ತಾರೆ. 2006–07ರಲ್ಲಿ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಿಸತೊಡಗಿದಾಗ ಮಕ್ಕಳಿಗೆ ವಾಹನ ದೊರೆಯಿತು. ರಸ್ತೆಯ ಅಂಚು ಮಾತ್ರ ಹಾಗೆಯೇ ಉಳಿಯಿತು. ಅತಿಥಿ ಸವಾರನಿಗೆ ಏನು ಬೇಕೋ ನಮ್ಮ ನಿತ್ಯ ಸವಾರನಿಗೂ ಅದೇ ಬೇಕು. ಅತಿಥಿ ಬರುವನೆಂಬ ನೆಪದಲ್ಲಾದರೂ ಅದು ಒದಗಿಬಂದರೆ ವರ್ಷದ ಉಳಿದ 364 ದಿನಗಳೂ ಅದರ ಫಲ ನಮ್ಮವರಿಗೇ.

ಮಾರ್ಗವು ಕಲಿಸುವ ಪಾಠ

ಗದಗಿನಿಂದ ನರಗುಂದ, ಅಲ್ಲಿಂದ ಕೊಣ್ಣೂರು, ಹೊಳೆಆಲೂರುಗಳ ಮೂಲಕ ರೋಣ, ಮುಂದೆ ಸೂಡಿಯ ಮಾರ್ಗವಾಗಿ ಗಜೇಂದ್ರಗಡ, ನರೇಗಲ್ಲದ ಮೇಲೆ ಮರಳಿ ಗದಗ. ಈ ವರ್ತುಲವು ಸುಮಾರು 200 ಕಿ.ಮೀ. ಆಗುವುದರಿಂದ ಮೊದಲ ಹಂತದ ಬ್ರೆವೆಗೆ ಒಪ್ಪುವಂತಿದೆ. ಗದಗ ಹಾಗೂ ಹೊಳೆಆಲೂರುಗಳಿಗೆ ರೈಲಿನ ಸೌಕರ್ಯವಿರುವುದರಿಂದ ಹೊರಗಿನವರು ಬರುವುದೂ ಸುಲಭ.

ಈ ಮಾರ್ಗದಲ್ಲಿ ನೋಡತಕ್ಕದ್ದು ಸಾಕಷ್ಟಿದೆ. ನರಗುಂದದ ಗುಡ್ಡ, 1858ರ ಬಾಬಾಸಾಹೇಬನ ಬಂಡಾಯ ಮತ್ತು 1980ರ ರೈತ ಬಂಡಾಯಗಳ ನೆಲ. ಮಲಪ್ರಭೆಯ ದಂಡೆಯ ಕೊಣ್ಣೂರಿನ ಪೇರಲ. ಸೂಡಿಯ ಜೋಡುಕಳಸದ ಗುಡಿ ಮತ್ತು ನಾಗಕುಂಡ. ಗಜೇಂದ್ರಗಡದ ಕೋಟೆ, ಕಾಲಕಾಲೇಶ್ವರ, ಪಟ್ಟೇದ ಅಂಚಿನ ಸೀರೆ ನೇಯುವ ಕೈಮಗ್ಗಗಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯಂತೆ ಸೂಡಿಯಲ್ಲಿಯೂ ನಾಣ್ಯ ಟಂಕಿಸುವ ಟಂಕಸಾಲೆಯಿದ್ದಿತು ಎಂಬುದನ್ನು ವರ್ತಕರಾದ ನಾವು ಹೆಮ್ಮೆಯಿಂದ ನೆನೆಯಬೇಕು. ಆದರೆ ಗಂಟೆಗೆ 80 ಕಿ.ಮೀ. ವೇಗದ ಕಾರಿನಿಂದ ಇದಾವುದೂ ಕಾಣುವುದಿಲ್ಲ.

ಇಂತಹ 200 ಕಿ.ಮೀ. ಸವಾರಿಯೊಂದನ್ನು ನಾನೂ ಪೂರೈಸಿದ್ದೇನೆ. ಗಂಟೆಗೆ 18 ಕಿ.ಮೀ. ವೇಗದಲ್ಲಿ ಸಾಗುವವನಿಗೆ ಯಾವ ಹೊಲದಲ್ಲಿ ಕಡಲೆ ಚೆನ್ನಾಗಿ ಬಂದಿದೆ, ಎಲ್ಲಿ ಕುಸುಬೆಯ ಬಿತ್ತನೆ ಕಡಿಮೆಯಾಗಿದೆ, ಯಾವ ಊರಿನಲ್ಲಿ ಅಂಗಡಿ ಮುಚ್ಚಿದೆ, ಎಲ್ಲಿ ಹೊಸ ಗಿರಣಿ ಎದ್ದಿದೆ ಎಂಬುದು ಕೇಳದೆಯೇ ತಿಳಿಯುತ್ತದೆ. ದಲಾಲಿ ಅಂಗಡಿಯಲ್ಲಿ ಕುಳಿತು ದೂರವಾಣಿಯಲ್ಲಿ ವಿಚಾರಿಸುವ ಪೇಟೆಯ ಸ್ಥಿತಿಗೂ ಕಣ್ಣಾರೆ ಕಾಣುವ ಸ್ಥಿತಿಗೂ ಇರುವ ಅಂತರ ಆ ದಿನ ಅರಿವಿಗೆ ಬಂದಿತು.

ಕೊರತೆಗಳೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಒಂದು ಸಣ್ಣ ಉದಾಹರಣೆ: ನಮ್ಮ ಸಾಧಾರಣ ಸೈಕಲ್ಲಿನ ಟ್ಯೂಬಿಗೆ ಇರುವುದು ಒಂದು ಬಗೆಯ ವಾಲ್ವ್, ದೂರ ಸವಾರಿಯ ಹಗುರ ಸೈಕಲ್‌ಗಳಲ್ಲಿ ಬಹಳಷ್ಟಕ್ಕೆ ಇರುವುದು ಪ್ರೆಸ್ಟಾ ಎಂಬ ಸಪೂರವಾದ ವಾಲ್ವ್. ಜಾಲಿಮುಳ್ಳು ಎರಡಕ್ಕೂ ಒಂದೇ ರೀತಿ ಚುಚ್ಚುತ್ತದೆ. ಆದರೆ ಹಳ್ಳಿಯ ಸೈಕಲ್ ಅಂಗಡಿಯ ಪಂಪು ಎರಡನೆಯದಕ್ಕೆ ಹೊಂದುವುದಿಲ್ಲ. ಇವೆರಡನ್ನೂ ಹೊಂದಿಸುವ ಬೆರಳ ತುದಿಯಷ್ಟು ಹಿತ್ತಾಳೆಯ ತುಣುಕಿನ ಬೆಲೆ ಅತ್ಯಲ್ಪ. ಅದನ್ನೂ ನಾಲ್ಕು ಟ್ಯೂಬುಗಳನ್ನೂ ಇಟ್ಟುಕೊಂಡ ಅಂಗಡಿಯ ಹೆಸರು ಸವಾರರ ಬಾಯಿಂದ ಬಾಯಿಗೆ ಹರಡುತ್ತದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದರಿಂದ ಈ ದಾಸ್ತಾನು ದೊಡ್ಡ ಭಾರವೂ ಅಲ್ಲ.

ನಮ್ಮದೇ ವಾಹನಗಳ ಪ್ರಶ್ನೆ

ಎಲ್ಲಕ್ಕಿಂತ ಗಂಭೀರವಾದ ಸಂಗತಿ ರಸ್ತೆಯ ಸುರಕ್ಷತೆ. ಬೆಳಿಗ್ಗೆ 6ಕ್ಕೆ ಹೊರಟ ಸವಾರನಿಗೆ ಸಂಜೆ 7.30ರವರೆಗೆ ಅವಕಾಶವಿರುತ್ತದೆ. ಡಿಸೆಂಬರ್ ತಿಂಗಳಿನಲ್ಲಿ ಆರು ಗಂಟೆಯ ಸುಮಾರಿಗೇ ಹೊತ್ತು ಮುಳುಗುವುದರಿಂದ ಕೊನೆಯ ಹಾದಿ ಕತ್ತಲಿನದು. ಬ್ರೆವೆಯ ನಿಯಮಗಳ ಮೇರೆಗೆ ಸವಾರನ ಸೈಕಲ್‌ಗೆ ಮುಂದೆಯೂ ಹಿಂದೆಯೂ ದೀಪವಿರಬೇಕು, ಮೈಮೇಲೆ ಬೆಳಕು ಪ್ರತಿಫಲಿಸುವ ಅಂಗಿಯಿರಬೇಕು. ಆದರೆ ಅದೇ ಕತ್ತಲಿನಲ್ಲಿ ಹತ್ತಿ, ಕಣಿಕೆ ಹೇರಿಕೊಂಡು ಹಿಂದೀಪವಿಲ್ಲದೆ ಸಾಗುವ ಟ್ರ್ಯಾಕ್ಟರ್ ಟ್ರೇಲರ್‌ಗಳು, ರಸ್ತೆಯಂಚಿನಲ್ಲಿ ಕೆಟ್ಟು ನಿಂತ ಲಾರಿಗಳು ಯಾರವು? ಅನೇಕ ಸಂದರ್ಭಗಳಲ್ಲಿ ಅವು ನಮ್ಮ ಸರಕನ್ನೇ ಹೊತ್ತಿರುತ್ತವೆ. ಪ್ರತಿಫಲಕ ಪಟ್ಟಿ ಇರಬೇಕೆಂದು ಮೋಟಾರು ವಾಹನ ನಿಯಮಗಳೇ ವಿಧಿಸುತ್ತವೆ. ಆ ಪಟ್ಟಿಗೆ ತಗಲುವ ವೆಚ್ಚ ಒಂದು ಚೀಲ ಕಡಲೆಯ ಬೆಲೆಯ ಮುಂದೆ ಲೆಕ್ಕಕ್ಕೇ ಬಾರದು. ಕತ್ತಲಲ್ಲಿ ಟ್ರೇಲರ್‌ಗೆ ಹಿಂದಿನಿಂದ ಬಂದು ಬಡಿಯುವವನು ಪರಊರಿನ ಸವಾರನೇ ಆಗಬೇಕೆಂದಿಲ್ಲ. ನಮ್ಮಲ್ಲಿ ಉದ್ರಿ ಖಾತೆಯಿರುವ ರೈತನ ಮಗನೇ ಆಗಿರಬಹುದು.

ಕೆಲವು ಆಕ್ಷೇಪಗಳು

‘ನಮ್ಮ ಬಿಸಿಲಿನಲ್ಲಿ ಇದು ಸಾಧ್ಯವೇ?’ ಎಂದು ಕೇಳುವವರುಂಟು. ಬೇಸಿಗೆಯಲ್ಲಿ ಸಾಧ್ಯವಿಲ್ಲ, ಮಾಡಲೂಬಾರದು. ಮಳೆಗಾಲದಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಒಳರಸ್ತೆಗಳಲ್ಲಿ ಸೈಕಲ್ ಅಲುಗಾಡದು. ಡಿಸೆಂಬರ್ ಮತ್ತು ಜನವರಿ ತಿಂಗಳುಗಳು ಪ್ರಶಸ್ತ. ಬಿಳಿಜೋಳ ತೆನೆಗಟ್ಟಿ, ಸೀತನಿ ಸಿಗುವ ಕಾಲವದು. ಬಿಸಿ ಸೀತನಿ, ಬೆಲ್ಲ, ಶೇಂಗಾ ಹಿಂಡಿ, ರೊಟ್ಟಿ, ಮಜ್ಜಿಗೆಗಳಿಗಿಂತ ಮಿಗಿಲಾದ ಆಹಾರವನ್ನು ಸವಾರನಿಗೆ ಯಾವ ಪೇಟೆಯೂ ಕೊಡಲಾರದು. ಗಾಳಿಯ ವಿಷಯದಲ್ಲಿ ಮಾತ್ರ ವಿನಾಯಿತಿ ಇಲ್ಲ. ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ.

‘ಅಂಗಡಿಯಲ್ಲಿ ಕುಳಿತು ಕಳೆದ ಈ ದೇಹಕ್ಕೆ 200 ಕಿ.ಮೀ. ಆಗುವ ಮಾತೇ?’ ಎಂಬುದು ಎರಡನೆಯ ಆಕ್ಷೇಪ. ವೈದ್ಯರ ಸಲಹೆ ಪಡೆದು, ವಾರಕ್ಕೆ ಮೂರು ದಿನ ಅಭ್ಯಾಸ ಮಾಡಿ, 20ರಿಂದ 40ಕ್ಕೆ, 40ರಿಂದ 80ಕ್ಕೆ ಕ್ರಮವಾಗಿ ಏರಿಸಿದರೆ ಕೆಲವು ತಿಂಗಳುಗಳಲ್ಲಿ ಆಗುವ ಮಾತೇ. ಬ್ರೆವೆ ಬೇಡುವುದು ಓಟವನ್ನಲ್ಲ, ಸರಾಸರಿಯನ್ನು ಕಾಯ್ದುಕೊಳ್ಳುವ ಶಿಸ್ತನ್ನು. ಆ ಶಿಸ್ತು ವರ್ತಕನಿಗೆ ಹೊಸದಲ್ಲ.

ಮಾಡಬಹುದಾದ ಕಾರ್ಯ

ವಾಣಿಜ್ಯ ಸಂಸ್ಥೆಯು ನಾಲ್ಕು ಕ್ರಮಗಳನ್ನು ಕೈಗೊಳ್ಳಲಿ. ಒಂದು, ಬ್ರೆವೆ ನಡೆಸಿದ ಅನುಭವವುಳ್ಳ ಸಂಘದ ಸಹಕಾರ ಪಡೆದು, ಪೋಲಿಸ್ ಹಾಗೂ ಸ್ಥಳೀಯ ಆಡಳಿತಕ್ಕೆ ಮುಂಚಿತವಾಗಿ ತಿಳಿಸಿ, 50 ಜನರನ್ನು ಮೀರದ ಸವಾರಿಯೊಂದನ್ನು ಏರ್ಪಡಿಸುವುದು. ಎರಡು, ಮೂರೂ ಪಟ್ಟಣಗಳಲ್ಲಿ ಒಂದೊಂದು ಅಂಗಡಿಯನ್ನು ಮುದ್ರೆಯ ಠಾಣೆಯಾಗಿ ಗೊತ್ತುಮಾಡಿ, ಅಲ್ಲಿ ಕುಡಿಯುವ ನೀರು, ಮಹಿಳೆಯರಿಗೂ ಯೋಗ್ಯವಾದ ಶೌಚಾಲಯ, ಪಂಪು ಹಾಗೂ ಬರೆದು ತೂಗುಹಾಕಿದ ದರಪಟ್ಟಿ ಇರುವಂತೆ ನೋಡಿಕೊಳ್ಳುವುದು. ಮೂರು, ಸವಾರಿಗೆ ಒಂದು ತಿಂಗಳು ಮೊದಲು ಸದಸ್ಯರ ಎಲ್ಲ ಲಾರಿ, ಟ್ರೇಲರ್‌ಗಳಿಗೂ ಪ್ರತಿಫಲಕ ಪಟ್ಟಿ ಅಂಟಿಸುವುದು. ನಾಲ್ಕು, ಪ್ರತಿ ಪಟ್ಟಣದಿಂದ ಕನಿಷ್ಠ ಐವರು ಸದಸ್ಯರು ಸ್ವತಃ ಸವಾರಿ ಮಾಡಿ, ತಾವು ಕಂಡ ರಸ್ತೆಯ ಕೊರತೆಗಳನ್ನು ಊರವಾರು ಬರೆದು ಲೋಕೋಪಯೋಗಿ ಇಲಾಖೆಗೆ ಸಲ್ಲಿಸುವುದು. ಕಾರಿನಲ್ಲಿ ಓಡಾಡುವವರ ಮನವಿಗಿಂತ ಸೈಕಲ್ ತುಳಿದವರ ಪಟ್ಟಿಗೆ ತೂಕ ಹೆಚ್ಚು.

ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಬೇಕಾಗಿ ಬಂದರೆ ಮೂರನೆಯದನ್ನು ಆರಿಸೋಣ. ಅದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಮುಂದಿನ ಸುಗ್ಗಿಯವರೆಗೆ ಕಾಯಬೇಕಾಗಿಯೂ ಇಲ್ಲ. ಉಳಿದವುಗಳ ಬಗ್ಗೆ ಸಂಸ್ಥೆಯ ಮುಂಬರುವ ಸಭೆಯಲ್ಲಿ ಚರ್ಚೆ ನಡೆಯಲೆಂದೂ ಸವಾರರ ಯಾದಿಗೆ ಮೂರು ತಾಲ್ಲೂಕುಗಳ ಸದಸ್ಯರು ಹೆಸರು ಕೊಡುವರೆಂದೂ ಆಶಿಸುತ್ತೇನೆ.